ಬೋರಲು ಲೋಟದ ಮೇಡಂ

ನಮ್ಮ ಮೇಡಂ ಕುರ್ಚಿ ಬಿಟ್ಟುಕೊಟ್ಟ ದಿನ ಯಾರೂ ಭಾಷಣ ಮಾಡಲಿಲ್ಲ. ಮಾಡಲು ಅವರು ಬಿಡಲಿಲ್ಲ ಎನ್ನುವುದೇ ಸರಿ. ವೀರೇಶ ಜೇಬಿನಿಂದ ಮಡಚಿದ ಹಾಳೆ ತೆಗೆದು ಗಂಟಲು ಸರಿಮಾಡಿಕೊಳ್ಳುವಷ್ಟರಲ್ಲಿ, "ಲೇ ಕಡ್ಡಿರಾಂಪುರ, ಅದನ್ನ ಒಳಗಿಡು. ನಾ ಇನ್ನೂ ಸತ್ತಿಲ್ಲ," ಎಂದರು. ಹೊದಿಸಿದ ಶಾಲನ್ನು ಎರಡು ಬೆರಳಲ್ಲಿ ಹಿಡಿದು ನೋಡಿ, "ಅಂಗಡಿಯವ ರೇಷ್ಮಿ ಅಂತ ಹೇಳಿ ಕೊಟ್ಟನೇನು? ಭಾಳ ಚಲೋ ಟೋಪಿ ಹಾಕ್ಯಾನ," ಎಂದು ನಕ್ಕರು. ಇಂಥವರ ಎದುರು ನಿಂತು ನಾಲ್ಕು ಒಳ್ಳೆಯ ಮಾತು ಹೇಳುವುದಾದರೂ ಹೇಗೆ? ಅಲ್ಲಿ ಆಗದ್ದನ್ನು ಇಲ್ಲಿ ಬರೆಯುತ್ತಿದ್ದೇನೆ. ಓದಿ ಬೈದರೆ ಬೈಸಿಕೊಂಡರಾಯಿತು, ನನಗದು ಹೊಸದಲ್ಲ.

ಅವರು ನಮ್ಮನ್ನೆಲ್ಲ ಊರಿನ ಹೆಸರಿನಿಂದಲೇ ಕರೆಯುತ್ತಿದ್ದರು. ವೀರೇಶ ಕಡ್ಡಿರಾಂಪುರ, ನಾನು ಸಂಡೂರು. ಡಿಪ್ಲೊಮಾ ಕಾಲೇಜಿನಲ್ಲಿ ನಮಗೆ ಪ್ರೋಗ್ರಾಮಿಂಗ್ ಕಲಿಸುವಾಗ ಅಂಟಿದ ಅಭ್ಯಾಸ ಅದು. ಆಗೆಲ್ಲ ನಾನು ಸಂಡೂರಿನಿಂದ ಬಸ್ಸಿನಲ್ಲಿ ಬಂದು, ಕೆಂಪು ಧೂಳು ಮೆತ್ತಿದ ಬ್ಯಾಗಿನೊಂದಿಗೆ ತಡವಾಗಿ ಒಳಗೆ ಕಾಲಿಟ್ಟರೆ, "ಬಂತು ನೋಡ್ರಿ ಸಂಡೂರು, ಗುಡ್ಡ ಹೊತ್ಕೊಂಡು," ಎನ್ನುತ್ತಿದ್ದರು. ಇಡೀ ಕ್ಲಾಸು ಗೊಳ್ಳೆಂದು ನಗುತ್ತಿತ್ತು. ನನಗೆ ಸಿಟ್ಟು ಬರುತ್ತಿತ್ತು. ಆದರೆ ಅವರ ಕ್ಲಾಸು ಬಿಟ್ಟು ಇನ್ನೊಬ್ಬರ ಕ್ಲಾಸಿಗೆ ಅಷ್ಟು ಧಾವಂತದಿಂದ ನಾನು ಎಂದೂ ಓಡಿದ್ದಿಲ್ಲ.

ದಪ್ಪ ಆಳು, ಗಟ್ಟಿ ದನಿ. ಕಾಟನ್ ಸೀರೆಯ ಸೆರಗನ್ನು ಸೊಂಟಕ್ಕೆ ಸಿಕ್ಕಿಸಿಕೊಂಡು ನಡೆದರೆ ಮೆಟ್ಟಿಲು ಸದ್ದು ಮಾಡುತ್ತಿದ್ದವು. ಕನ್ನಡಕವನ್ನು ತಲೆಯ ಮೇಲೆ ಏರಿಸಿಟ್ಟು ಅದನ್ನೇ ಮನೆಯೆಲ್ಲ ಹುಡುಕುವ ಪೈಕಿ. ಕಂಪ್ಯೂಟರಿನೊಂದಿಗೆ ಬಾಯಿಬಿಟ್ಟು ಜಗಳವಾಡುತ್ತಿದ್ದರು. "ಯಾಕ ಹಂಗ ಮಾರಿ ಮಾಡ್ತಿ? ಏನ್ ಕಡಿಮಿ ಮಾಡೀನಿ ನಿನಗ?" ಎಂದು ಅವರು ಪರದೆಯನ್ನು ಕೇಳುವುದನ್ನು ಕೆಳಗಿನ ಹಾರ್ಡ್‌ವೇರ್ ಅಂಗಡಿಯವರೂ ಕೇಳಿಸಿಕೊಳ್ಳುತ್ತಿದ್ದರು.

ಆ ಅಂಗಡಿಯ ಮೇಲಿನ ಮಹಡಿಯೇ ನಮ್ಮ ಆಫೀಸು. ಹೊಸಪೇಟೆಯ ಸ್ಟೇಷನ್ನಿಗೆ ಹೋಗುವ ದಾರಿಯಲ್ಲಿ. ಒಳ್ಳೆಯ ಲೆಕ್ಚರರ್ ಕೆಲಸವನ್ನು ಬಿಟ್ಟು ಅವರು ಅಲ್ಲಿ ಕಂಪ್ಯೂಟರ್ ಇಟ್ಟುಕೊಂಡು ಕೂತಾಗ ಊರೆಲ್ಲ ತಲೆ ಕೆರೆದುಕೊಂಡಿತು. ನಾವು ಕೆಲವರು ಹಿಂದೆಯೇ ಹೋಗಿ ಕೂತೆವು. ನಮ್ಮದು ತೂಕದ ಕಸುಬು. ಕಂಪ್ಲಿಯ ಭತ್ತದ ಗಿರಣಿಗಳಲ್ಲಿ ಚೀಲ ತೂಗುತ್ತಾರಲ್ಲ, ಸಂಡೂರಿನ ಕಡೆ ಅದಿರಿನ ಲಾರಿಗಳನ್ನು ಇಡಿಯಾಗಿ ವೇಬ್ರಿಜ್ ಎಂಬ ತೂಕದ ಕಟ್ಟೆಯ ಮೇಲೆ ಹತ್ತಿಸಿ ತೂಗುತ್ತಾರಲ್ಲ, ಆ ಯಂತ್ರಗಳಿಗೆ ಬೇಕಾದ ಸಾಫ್ಟ್‌ವೇರ್ ಬರೆಯುವುದು.

ಇಲ್ಲಿ ಕಸುಬಿನ ಒಂದು ಸಂಗತಿ ಹೇಳಲೇಬೇಕು, ಇಲ್ಲದಿದ್ದರೆ ಮೇಡಂ ಅರ್ಥವಾಗುವುದಿಲ್ಲ. ತೂಕದ ಯಂತ್ರಗಳು ನೂರೆಂಟು ಕಂಪನಿಯವು, ಒಂದೊಂದರ ಮಾತು ಒಂದೊಂದು ಥರ. ನಮ್ಮ ಪ್ರೋಗ್ರಾಂ ಮಾತ್ರ ಎಲ್ಲ ಯಂತ್ರಗಳಿಗೂ ಅವೇ ಪ್ರಶ್ನೆಗಳನ್ನು ಕೇಳುತ್ತದೆ. ತುಂಬಿದ ತೂಕ ಎಷ್ಟು? ಖಾಲಿ ತೂಕ ಎಷ್ಟು? ಗಾಡಿ ಅಲ್ಲಾಡದೆ ನಿಂತಿದೆಯಾ? ಈ ಪ್ರಶ್ನೆಗಳ ಕಂತೆಗೆ ನಾವು ಇಂಟರ್‌ಫೇಸ್ ಎನ್ನುತ್ತೇವೆ. ಹೊಸ ಯಂತ್ರ ಬಂದಾಗ ಅದರ ಪರವಾಗಿ ಪ್ರತಿಯೊಂದು ಪ್ರಶ್ನೆಗೂ ಉತ್ತರ ತಂದುಕೊಡುವ ಕೋಡು ಬರೆಯಬೇಕು. ಒಂದು ಬಿಟ್ಟುಹೋದರೂ ಕಂಪ್ಯೂಟರ್ ಹಟ ಹಿಡಿದು ಕೂರುತ್ತದೆ, ಪ್ರೋಗ್ರಾಂ ಏಳುವುದೇ ಇಲ್ಲ. ಆಗ ಕೋಡು ಬರೆಯುವ ಸಾಧನವೇ ಒಂದು ಉಪಕಾರ ಮಾಡುತ್ತದೆ. ಒಂದು ಗುಂಡಿ ಒತ್ತಿದರೆ ಬಿಟ್ಟುಹೋದವಕ್ಕೆಲ್ಲ ತಾನೇ ಹುಸಿ ಉತ್ತರ ಬರೆದುಕೊಡುತ್ತದೆ. ಅಂಕಿ ಬೇಕಾದಲ್ಲಿ ಸೊನ್ನೆ, ಹೌದು ಅಥವಾ ಇಲ್ಲ ಎನ್ನಬೇಕಾದಲ್ಲಿ ಇಲ್ಲ. ಇವಕ್ಕೆ ಸ್ಟಬ್ ಎಂದು ಹೆಸರು. ಕಂಪ್ಯೂಟರಿನ ಹಟ ಇಳಿಯುತ್ತದೆ, ಪ್ರೋಗ್ರಾಂ ಓಡುತ್ತದೆ. ನಿಜವಾದ ಉತ್ತರವನ್ನು ಆಮೇಲೆ ಬಂದು ತುಂಬಬೇಕು. ಆ ಆಮೇಲೆ ಎಷ್ಟೋ ಸಲ ಬರುವುದೇ ಇಲ್ಲ, ಏಕೆಂದರೆ ಎಲ್ಲವೂ ಚೆನ್ನಾಗಿಯೇ ಓಡುತ್ತಿರುತ್ತದೆ.

ಈ ಬಲೆಗೆ ಮೊದಲು ಬಿದ್ದವರು ಸ್ವತಃ ಮೇಡಮ್ಮೇ. ಅದೂ ಎಲ್ಲಿ? ತವರುಮನೆಯಲ್ಲಿ!

ಕಂಪ್ಲಿಯಲ್ಲಿ ಅವರ ತಮ್ಮನದು ಅಕ್ಕಿ ಗಿರಣಿ. ನಮ್ಮ ಮೊದಲ ಸಾಫ್ಟ್‌ವೇರ್ ಹೋಗಿದ್ದು ಅಲ್ಲಿಗೇ. ಭತ್ತದ ಚೀಲ ತೂಗಿ, ಅದರಲ್ಲಿ ಖಾಲಿ ಚೀಲದ ತೂಕ ಕಳೆಯಬೇಕು. ಖಾಲಿ ಚೀಲದ ತೂಕ ಎಷ್ಟು ಎಂಬ ಪ್ರಶ್ನೆಗೆ ಮೇಡಂ ಗುಂಡಿ ಒತ್ತಿ ಸ್ಟಬ್ ಹಾಕಿಸಿದ್ದರು, ತುಂಬಲು ಮರೆತರು. ಉತ್ತರ ಸೊನ್ನೆ. ಸುಗ್ಗಿ ಶುರುವಾಗಿ ಭತ್ತ ಬಂದು ಬೀಳುತ್ತಿತ್ತು, ಗೋಣಿಚೀಲವೂ ಭತ್ತದ ಲೆಕ್ಕಕ್ಕೇ ಸೇರುತ್ತಿತ್ತು. ಭತ್ತ ತಂದವರಿಗೆ ಖುಷಿಯೋ ಖುಷಿ. ಕೊನೆಗೆ ಆ ತಮ್ಮನೇ ಫೋನ್ ಮಾಡಿದರು. "ಅಕ್ಕಾ, ಈ ವರ್ಷ ಗೋಣಿನೂ ಕುಟ್ಟಿಸಿ ಅಕ್ಕಿ ಮಾಡಿಸ್ಬಿಡ್ಲೇನು? ನಿನ್ನ ಕಂಪ್ಯೂಟರ್ ಅದನ್ನೂ ಭತ್ತ ಅನ್ನಾಕತ್ತೈತಿ."

ಮೇಡಂ ಮೊದಲು ಹೊಟ್ಟೆ ಹಿಡಿದುಕೊಂಡು ನಕ್ಕರು. ನಕ್ಕು ಮುಗಿದ ಮೇಲೆ ಮುಖ ಕಪ್ಪಿಟ್ಟಿತು. ಅಂದೇ ಕಂಪ್ಲಿಗೆ ಹೋದರು. ಅಲ್ಲಿ ಮನೆಯಲ್ಲಿ ಯಾವುದೋ ಪೂಜೆ, ನೆಂಟರಿಷ್ಟರ ದೊಡ್ಡ ಪಂಕ್ತಿ. ಅವರ ತಾಯಿಯದು ಒಂದು ಪದ್ಧತಿಯಿತ್ತಂತೆ. ಬಾಳೆಎಲೆ ಹಾಕಿದ ಕೂಡಲೇ ಪ್ರತಿ ಎಲೆಯ ತಲೆಗೆ ಲೋಟವನ್ನು ಬೋರಲು ಇಡುವುದು. ಆ ಎಲೆಗೆ ಎಲ್ಲ ಬಡಿಸಿ ಮುಗಿದ ಮೇಲೆಯೇ ಲೋಟ ಎತ್ತಿ ನೀರು ಹಾಕುವುದು. ಎಷ್ಟೇ ಗದ್ದಲವಿದ್ದರೂ, ಬಡಿಸುವವರು ಸಾಲಿನತ್ತ ಒಮ್ಮೆ ಕಣ್ಣು ಹಾಯಿಸಿದರೆ ಸಾಕು, ಬೋರಲು ಲೋಟ ಕಂಡಲ್ಲಿ ಇನ್ನೂ ಬಡಿಸಿಲ್ಲ ಎಂದು ತಿಳಿಯುತ್ತದೆ. ಮೇಡಂ ಹುಟ್ಟಿದಾಗಿನಿಂದ ಅದನ್ನು ನೋಡಿದ್ದರು. ಅಂದು ಮಾತ್ರ ಊಟಕ್ಕೆ ಕೂತ ಮೇಡಂ ಸಾಲಿನ ಬೋರಲು ಲೋಟಗಳನ್ನೇ ನೋಡುತ್ತ ಹಾಗೇ ಉಳಿದರಂತೆ. ತಾಯಿ, "ಯಾಕವ್ವ, ಅನ್ನ ಆರ್ತೈತಿ," ಎಂದರೆ ಇವರು, "ಯವ್ವಾ, ಸಿಕ್ತು!" ಎಂದು ಕೂಗಿದರಂತೆ.

ಹಿಂದಿರುಗಿ ಬಂದವರೇ ತಾವೇ ಒಂದು ಸಾಧನ ಬರೆದರು. ಹೆಸರು 'ಲೋಟ'. ಅದೂ ಗುಂಡಿ ಒತ್ತಿದರೆ ಬಿಟ್ಟುಹೋದ ಉತ್ತರಗಳ ಜಾಗವನ್ನೆಲ್ಲ ಕ್ಷಣದಲ್ಲಿ ಬರೆದುಕೊಡುತ್ತಿತ್ತು. ಆದರೆ ಸೊನ್ನೆ ಹೇಳುತ್ತಿರಲಿಲ್ಲ, ಇಲ್ಲ ಎನ್ನುತ್ತಿರಲಿಲ್ಲ. ಪ್ರೋಗ್ರಾಂ ಓಡುತ್ತ ಆ ಜಾಗಕ್ಕೆ ಬಂತೆಂದರೆ ಅಲ್ಲೇ ನಿಂತು, ಪರದೆಯ ತುಂಬ ಕೆಂಪಕ್ಷರದಲ್ಲಿ ಮೇಡಂ ದನಿಯಲ್ಲೇ ಹೇಳುತ್ತಿತ್ತು: "ನಿಲ್ರಿ. ಇಲ್ಲಿ ಲೋಟ ಬೋರಲು ಐತಿ. ಖಾಲಿ ಚೀಲದ ತೂಕ ನನಗ ಇನ್ನೂ ಗೊತ್ತಿಲ್ಲ."

"ಮೇಡಂ, ಇದು ಹೊಸದೇನಲ್ಲ. ದೊಡ್ಡ ಊರಾಗ ಎಲ್ಲಾರೂ ಎಕ್ಸೆಪ್ಷನ್ ಅಂತ ಹಾಕಿ ಪ್ರೋಗ್ರಾಂ ಹಿಂಗಽ ನಿಲ್ಲಸ್ತಾರ," ಎಂದ ವೀರೇಶ. ಅವನಿಗೆ ಅಂಥ ಧೈರ್ಯ ಆಗಾಗ ಬರುತ್ತದೆ.

"ಹಾಕ್ಲಿ ಬಿಡೋ. ಅವರದು ಇಂಗ್ಲಿಷಿನಾಗ ಕೂಗ್ತೈತಿ. ನಮ್ಮ ಗಿರಣಿ ಆಪರೇಟರ್ ಅದನ್ನ ನೋಡಿ ಏನ್ ಮಾಡ್ತಾನ? ಓಕೆ ಒತ್ತಿ ಮುಂದ ಹೋಗ್ತಾನ. ಇದನ್ನ ಓದಿದ್ರ ನನಗ ಫೋನ್ ಮಾಡ್ತಾನ. ಹೌದಿಲ್ಲೋ?"

ಹೌದು. ಫೋನ್ ಬರುತ್ತಿದ್ದವು. "ಮೇಡಂ, ನಿಮ್ಮ ಲೋಟ ಬೋರಲು ಬಿದ್ದೈತ್ರಿ," ಎಂದು ಗಿರಣಿಯವರು ಹೇಳುತ್ತಿದ್ದರು. ಮೇಡಂ ಸಂತೋಷದಿಂದ ಬೈಸಿಕೊಂಡು ಸರಿ ಮಾಡಿಕೊಡುತ್ತಿದ್ದರು.

ಲೋಟ ಪರದೆಯ ಮೇಲಷ್ಟೇ ಇದ್ದಿದ್ದರೆ ಸಾಕಿತ್ತು. ಆಫೀಸಿಗೂ ತಂದರು. ನಮಗೆಲ್ಲ ಒಂದೊಂದು ಸ್ಟೀಲ್ ಲೋಟ. ನಮ್ಮ ಕೋಡಿನಲ್ಲಿ ತುಂಬದ ಸ್ಟಬ್ ಇರುವವರೆಗೆ ಲೋಟ ಮೇಜಿನ ಮೇಲೆ ಬೋರಲು ಇರಬೇಕು, ಬೋರಲು ಲೋಟಕ್ಕೆ ಚಹಾ ಇಲ್ಲ. ಒಳಗೆ ಅದಿರಿನ ಧೂಳಾದರೂ ಬೀಳುವುದಿಲ್ಲ ಬಿಡು ಎಂದು ನಾವು ಮೊದಲು ತಮಾಷೆ ಮಾಡಿದೆವು. ತಮಾಷೆ ಒಂದೇ ವಾರದಲ್ಲಿ ಇಳಿಯಿತು. ವೀರೇಶ ಚಹಾ ಇಲ್ಲದೆ ಬದುಕುವ ಪ್ರಾಣಿಯಲ್ಲ. ಎಲ್ಲರ ಲೋಟದಿಂದ ಹಬೆ ಏಳುವಾಗ ಅವನು ಕೀಬೋರ್ಡನ್ನು ಕುಟ್ಟುವ ಸದ್ದು ಕೇಳಿದರೆ ಕನಿಕರ ಬರುತ್ತಿತ್ತು. "ಇದು ಕೆಲಸ ಮಾಡಿಸೋ ರೀತಿ ಅಲ್ಲ ಮೇಡಂ, ಇದು ಉಪವಾಸ," ಎಂದು ಗೊಣಗುತ್ತಿದ್ದ. ಹಾಗೆಂದು ಮೇಡಂ ತಮಗೆ ರಿಯಾಯಿತಿ ಕೊಟ್ಟುಕೊಂಡವರಲ್ಲ. ಒಂದು ದಿನ ಅವರದೇ ಲೋಟ ಮಧ್ಯಾಹ್ನದವರೆಗೂ ಬೋರಲು. ತಲೆನೋವು ಹತ್ತಿ ಕಣ್ಣು ಕೆಂಪಾಗಿ, ಕಂಡಕಂಡವರ ಮೇಲೆ ಹರಿಹಾಯ್ದರು. "ನಮ್ಮ ಸಲುವಾಗಿ ಆದ್ರೂ ಕುಡೀರಿ ಮೇಡಂ," ಎಂದು ನಾವೇ ಅಂಗಲಾಚಿದೆವು. ಕುಡಿಯಲಿಲ್ಲ ಮಹಾತಾಯಿ. ತುಂಬಿ ಮುಗಿಸಿದ ಮೇಲೆ ಲೋಟವನ್ನು ಎತ್ತಿ ಮೇಜಿಗೆ ಟಣ್ಣೆಂದು ಕುಕ್ಕಿದರು. ಆ ಸದ್ದು ಕೇಳಿದರೆ ಏನೋ ಒಂದು ಗೆದ್ದಿದೆ ಎಂದು ನಮಗೆಲ್ಲ ಗೊತ್ತಾಗುತ್ತಿತ್ತು.

ಒಂದು ಭಾನುವಾರ ಎಲ್ಲರನ್ನೂ ಹಂಪಿಗೆ ಎಳೆದುಕೊಂಡು ಹೋದರು. ದಾರಿಯಲ್ಲಿ ಕಡ್ಡಿರಾಂಪುರದಲ್ಲಿ ವೀರೇಶನ ಮನೆಯವರು ಕೊಟ್ಟ ಮಿರ್ಚಿಯ ಪೊಟ್ಟಣ ಅವರ ಕೈಯಲ್ಲೇ ಖಾಲಿಯಾಗುತ್ತ ಬಂತು. ಹಂಪಿಯಲ್ಲಿ ದೊಡ್ಡ ದೊಡ್ಡ ಗುಡಿಗಳನ್ನೆಲ್ಲ ಬಿಟ್ಟು ಒಂದು ಮೂಲೆಯ ಮಂಟಪದ ಕಂಬದ ಮುಂದೆ ನಿಲ್ಲಿಸಿದರು. ಮೂರು ಮೈಗೆ ಕೆತ್ತನೆ, ನಾಲ್ಕನೆಯದಕ್ಕೆ ಬರೀ ಉಳಿಯ ಗೆರೆ. "ನೋಡ್ರಿ, ಇಲ್ಲಿ ಆನಿ ಬರ್ತೈತಿ ಅಂತ ಗೆರಿ ಹಾಕಿ ಹೋಗ್ಯಾನ. ಆನಿ ಅಂತ ಸುಳ್ಳು ಹೇಳಿಲ್ಲ. ಇಷ್ಟು ವರ್ಷ ಆದ್ರೂ ಕೆಲಸ ಬಾಕಿ ಐತಿ ಅಂತ ಕಾಣ್ತೈತಲ್ಲ!" ಎಂದು, ಆ ಕಲ್ಲುಕುಟಿಗ ತಮ್ಮದೇ ಹಳೇ ವಿದ್ಯಾರ್ಥಿಯೇನೋ ಎನ್ನುವಷ್ಟು ಹೆಮ್ಮೆಪಟ್ಟರು. ಆಮೇಲೆ ಅದೇ ಕಂಬಕ್ಕೆ ಒರಗಿ ಗೊರಕೆ ಹೊಡೆದರು.

ಇನ್ನು ಅದಿರಿನ ಯಾರ್ಡಿನ ಕಥೆ. ಇದನ್ನು ಹೇಳದೆ ಬಿಟ್ಟರೆ ನನಗೇ ನಿದ್ದೆ ಬರಲಿಕ್ಕಿಲ್ಲ.

ಒಂದು ಹಂತದಲ್ಲಿ ನಮಗೆ ಕೆಲಸವೇ ಇಲ್ಲದಂತಾಯಿತು. ಗಿರಣಿಗಳ ಸಾಫ್ಟ್‌ವೇರ್ ಮುಗಿದಿತ್ತು, ಹೊಸದು ಬರಲಿಲ್ಲ. ಆಗ ಸಂಡೂರು ದಾರಿಯಲ್ಲಿ ಅದಿರು ರಾಶಿ ಹಾಕಿ ಲಾರಿಗೆ ತುಂಬುವ ಯಾರ್ಡೊಂದರವರು, ತಮ್ಮಲ್ಲಿರುವ ಎಲ್ಲ ತೂಕದ ಕಟ್ಟೆಗಳಿಗೂ ಒಂದೇ ಸಾಫ್ಟ್‌ವೇರ್ ಬೇಕು, ಪರೀಕ್ಷೆ ಮಾಡಿ ತೆಗೆದುಕೊಳ್ಳುತ್ತೇವೆ ಎಂದರು. ಕರೆದಿದ್ದು ಇಬ್ಬರನ್ನು. ದೊಡ್ಡ ಊರಿನ ಒಂದು ಕಂಪನಿ ಮತ್ತು ನಾವು. ಪರೀಕ್ಷೆಗೆ ಮುಂಚಿನ ಶುಕ್ರವಾರ ಮೇಡಂ ಕೆಳಗಿನ ಅಂಗಡಿಗೆ ಹೋಗಿ ಒಂದು ದೊಡ್ಡ ಹೊಸ ಬೀಗ ತಂದು ಮೇಜಿನ ಮೇಲಿಟ್ಟರು.

"ಮುಚ್ಚಿಟ್ಟು ಮಾತಾಡೋದು ನನಗ ಬರಂಗಿಲ್ಲ," ಎಂದರು. "ನಾಳೆ ಈ ಕೆಲಸ ಸಿಕ್ರ ನಾವು ಇರ್ತೀವಿ. ಸಿಗ್ಲಿಲ್ಲ ಅಂದ್ರ ಸೋಮವಾರ ಈ ಬಾಗಿಲಿಗೆ ಇದನ್ನ ಹಾಕ್ತೀನಿ. ನಿಮಗೆಲ್ಲಾ ಬ್ಯಾರೆ ಕಡೆ ಮಾತಾಡೀನಿ, ಹೆದರಬ್ಯಾಡ್ರಿ."

ಹೆದರಬೇಡಿ ಎಂದರೆ? ನನಗೆ ಬೇರೆ ಕಡೆ ಬೇಕಾಗಿರಲಿಲ್ಲ. ಆ ಮಹಡಿ, ಆ ಬೈಗುಳ, ಆ ಲೋಟದ ಸದ್ದು ಬಿಟ್ಟು ನನಗೆ ಎಲ್ಲಿಗೂ ಹೋಗಬೇಕಿರಲಿಲ್ಲ. ಅಂದು ಬಸ್ಸಿನಲ್ಲಿ ಸಂಡೂರಿಗೆ ಹೋಗುವಾಗ ಕಿಟಕಿಯತ್ತ ಮುಖ ಮಾಡಿ ಅತ್ತೆ. ಪಕ್ಕದಲ್ಲಿದ್ದ ಹೆಂಗಸು ಧೂಳು ಬಿತ್ತೇನೋ ಎಂದು ಸೆರಗಿನ ತುದಿ ಕೊಟ್ಟಳು.

ಶನಿವಾರ ಬೆಳಿಗ್ಗೆ ಮೇಡಂ ಅವರ ತಮ್ಮನೇ ಕಂಪ್ಲಿಯಿಂದ ಜೀಪು ತಂದು ಎಲ್ಲರನ್ನೂ ಯಾರ್ಡಿಗೆ ಕರೆದೊಯ್ದರು. ಹೋಗಿ ನೋಡಿದರೆ ಒಂದು ಕಟ್ಟೆಯ ಯಂತ್ರ ಹಿಂದಿನ ದಿನ ಕರೆಂಟಿನ ಏರಿಳಿತಕ್ಕೆ ಸುಟ್ಟುಹೋಗಿ, ಬೇರೆ ಕಂಪನಿಯ ಹೊಸದನ್ನು ತಂದಿಟ್ಟಿದ್ದರು. ನಾವೂ ಅದನ್ನು ಕಂಡಿರಲಿಲ್ಲ, ದೊಡ್ಡ ಊರಿನವರೂ ಕಂಡಿರಲಿಲ್ಲ.

"ಇಬ್ಬರಿಗೂ ಹೊಸದು, ಯಾರಿಗೂ ಅನ್ಯಾಯ ಇಲ್ಲ," ಎಂದರು ಯಾರ್ಡಿನ ಮ್ಯಾನೇಜರು. "ಊಟದ ಹೊತ್ತಿಗೆ ನಡಸಿ ತೋರಸ್ರಿ. ಅದರ ಮ್ಯಾಲ ತೀರ್ಮಾನ."

ದೊಡ್ಡ ಊರಿನ ಆ ಕಂಪನಿಯ ಕಡೆಯಿಂದ ಬಂದಿದ್ದವರು ಒಬ್ಬ ಇಂಜಿನಿಯರು. ಚುರುಕಾದ, ಸಭ್ಯ ಮನುಷ್ಯ. ಚಕಚಕನೆ ಮುಗಿಸಿ ಲ್ಯಾಪ್‌ಟಾಪ್ ಮುಚ್ಚಿ, ಕೈಕಟ್ಟಿ ನಿಂತರು. ನಾವು ಇನ್ನೊಂದು ಕ್ಯಾಬಿನ್ನಿನಲ್ಲಿ. ಮೇಡಂ ಹೊಸಪೇಟೆಯಿಂದ ತಂದ ತಮ್ಮ ಲೋಟವನ್ನು ಮೇಜಿನ ಮೇಲೆ ಬೋರಲು ಇಟ್ಟು, ಗುಂಡಿ ಒತ್ತಿ ಉತ್ತರದ ಜಾಗಗಳನ್ನೆಲ್ಲ ಬರೆಸಿದರು. ನಾನು ಯಂತ್ರದ ಕೈಪಿಡಿ ಓದಿ ಹೇಳುತ್ತ ಹೋದೆ, ಅವರು ತುಂಬುತ್ತ ಹೋದರು. ಎಲ್ಲ ತುಂಬಿತು, ಒಂದು ಬಿಟ್ಟು. ಗಾಡಿ ನಿಂತಿದೆಯಾ? ಈ ಯಂತ್ರ ಅದನ್ನು ಹೇಳುವುದೇ ಇಲ್ಲ. ಕೈಪಿಡಿಯನ್ನು ಹಿಂದೆ ಮುಂದೆ ತಿರುವಿದರೂ ಅದರ ಸುದ್ದಿಯಿಲ್ಲ. ಅಷ್ಟರಲ್ಲಿ ಹೊರಗಿನಿಂದ ಕರೆ ಬಂತು, ಹೊತ್ತಾಯಿತು ಎಂದು.

ಜೀಪು ತಂದಿದ್ದ ತಮ್ಮ, ಮೇಡಂ ಕಿವಿಯ ಹತ್ತಿರ ಬಗ್ಗಿದರು. "ಅಕ್ಕಾ, ಸುಮ್ನ 'ಹೌದು' ಅಂತ ಬರ್ದುಬಿಡು. ಕೆಲಸ ಸಿಕ್ಕ ಮ್ಯಾಲ ಸರಿ ಮಾಡಿದ್ರಾತು. ಯಾರಿಗ್ ಗೊತ್ತಾಗ್ತೈತಿ?"

"ಗಾಡಿ ನಿಂತೈತೋ ಇಲ್ಲೋ ನನಗ ಗೊತ್ತಿಲ್ಲ. ಗೊತ್ತಿಲ್ಲದ್ದಕ್ಕ ಹೌದು ಅಂತ ಹೆಂಗ ಬರೀಲಿ?"

"ಅಲ್ಲಿ ಬೀಗ ತಂದಿಟ್ಟೀಯಲ್ಲ, ಅದನ್ನಾದ್ರೂ ನೆನಸ್ಕೊ!"

"ನೆನಪೈತಿ," ಎಂದರು ಮೇಡಂ. ದನಿ ಸಣ್ಣದಾಗಿತ್ತು. ಅವರ ದನಿ ಸಣ್ಣದಾಗಿದ್ದನ್ನು ನಾನು ಕೇಳಿದ್ದು ಅದೊಂದೇ ಸಲ. ಲೋಟ ಬೋರಲಾಗಿಯೇ ಇತ್ತು. ಹೊರಗೆ ನಡೆದರು.

ಮೊದಲು ದೊಡ್ಡ ಊರಿನವರ ಸರದಿ. ಅದಿರು ತುಂಬಿದ ಲಾರಿ ಕಟ್ಟೆ ಹತ್ತುತ್ತಿದ್ದಂತೆಯೇ ತೂಕ ಬಂತು, ಸರ್ರೆಂದು ಚೀಟಿ ಬಂತು. ಎಲ್ಲರೂ ಚಪ್ಪಾಳೆ ತಟ್ಟಿದರು. ಆಮೇಲೆ ನಮ್ಮ ಸರದಿ. ಅದೇ ಲಾರಿ ಹತ್ತಿತು. ಪರದೆ ಕೆಂಪಾಯಿತು: "ನಿಲ್ರಿ. ಇಲ್ಲಿ ಲೋಟ ಬೋರಲು ಐತಿ. ಗಾಡಿ ನಿಂತೈತೋ ಇಲ್ಲೋ ನನಗ ಇನ್ನೂ ಗೊತ್ತಿಲ್ಲ." ಚೀಟಿ ಬರಲಿಲ್ಲ.

ಅಯ್ಯೋ, ಆ ನಗು! ಲೋಡಿಂಗಿನವರು, ಕ್ಲರ್ಕುಗಳು, ಎಲ್ಲ ಬಿದ್ದು ಬಿದ್ದು ನಕ್ಕರು. ಮ್ಯಾನೇಜರೂ ನಗುತ್ತ, "ಏನ್ರಿ ಮೇಡಂ, ನಿಮ್ಮ ಕಂಪ್ಯೂಟರ್ ಕೈ ಎತ್ತಿಬಿಡ್ತಲ್ಲ?" ಎಂದರು.

ಮೇಡಂ ಸೆರಗು ಸಿಕ್ಕಿಸಿಕೊಂಡರು. ದನಿ ಮರಳಿ ಬಂದಿತ್ತು. "ಕೈ ಎತ್ತಿಲ್ಲ ಸರ್, ನಿಜ ಹೇಳೇತಿ. ಈ ಯಂತ್ರ ಗಾಡಿ ನಿಂತಿದ್ದನ್ನ ಹೇಳಂಗಿಲ್ಲ. ನಮಗ ಗೊತ್ತಿಲ್ಲ, ಗೊತ್ತಿಲ್ಲ ಅಂದ್ವಿ. ಆಗಿನ ಚೀಟಿಗೆ ಗೊತ್ತಿತ್ತೇನು? ಡ್ರೈವರ್ ಅಣ್ಣನ್ನ ಕೇಳ್ರಿ."

ಡ್ರೈವರು ಅಷ್ಟರಲ್ಲಿ ಇಳಿದು ಬಂದು ಮೊದಲ ಚೀಟಿಯನ್ನು ಕಣ್ಣಿಗೆ ಹತ್ತಿರ ಹಿಡಿದು ನೋಡುತ್ತಿದ್ದ. ಹುಬ್ಬು ಗಂಟಾಯಿತು. "ಅಲ್ರೀ ಸಾಹೇಬ್ರ, ನಾ ಇನ್ನೂ ಬ್ರೇಕ್ ಒತ್ತಿದ್ದಿಲ್ಲ, ಗಾಡಿ ಕುಣಿಯಾಕತ್ತಿತ್ತು, ಆಗಲೇ ಚೀಟಿ ಬಂದೈತಿ! ನಾ ಹೇರಿದ್ದು ಇಷ್ಟಿಲ್ಲ. ದಾರ್ಯಾಗ ಓವರ್‌ಲೋಡ್ ಅಂತ ಹಿಡದ್ರ ಲೈಸೆನ್ಸ್ ಹೋಗೋದು ಯಾರದು? ನಂದು!"

ಮ್ಯಾನೇಜರ ನಗು ನಿಂತಿತು. ಅದೇ ಲಾರಿಯನ್ನು ಆ ಕಂಪನಿಯ ಸಾಫ್ಟ್‌ವೇರಿನಲ್ಲಿ ಇನ್ನೊಮ್ಮೆ ತೂಗಿಸಿದರು. ಬೇರೆ ತೂಕ. ಮತ್ತೊಮ್ಮೆ ತೂಗಿಸಿದರು. ಮತ್ತೂ ಬೇರೆ. ಆ ಇಂಜಿನಿಯರು ಬೆವರು ಒರೆಸಿಕೊಂಡು, "ಸರ್, ಅದು ಸ್ಟಬ್. ಮೊದಲು 'ಇಲ್ಲ' ಅಂತಿತ್ತು, ಚೀಟಿ ಬರ್ತಿರಲಿಲ್ಲ. ಅದಕ್ಕೆ 'ಹೌದು' ಅಂತ ಮಾಡಿದೆ. ಆಮೇಲೆ ಸರಿಯಾಗಿ ಬರೀತಿದ್ದೆ," ಎಂದು ಒಪ್ಪಿಕೊಂಡರು. ಪಾಪ, ಸುಳ್ಳು ಹೇಳುವ ಮನುಷ್ಯರಲ್ಲ ಅವರು.

"ನನಗ ಚಾ ಬರೋ ತನಕ ಟೈಮ್ ಕೊಡ್ರಿ," ಎಂದರು ಮೇಡಂ. "ಅಣ್ಣಾ, ಗಾಡಿ ಒಮ್ಮೆ ಇಳಿಸಿ ಹತ್ತಿಸು. ಜೋರಾಗಿ ಹತ್ತಿಸಬೇಕು, ನಾಚಬ್ಯಾಡ."

ಡ್ರೈವರು ಜೋರಾಗಿಯೇ ಹತ್ತಿಸಿದ. ಯಂತ್ರದ ಮೇಲೆ ಅಂಕಿಗಳು ಕುಣಿದವು, ಮೇಲೆ ಕೆಳಗೆ ಆದವು, ನಿಧಾನಕ್ಕೆ ಒಂದೇ ಅಂಕಿಯ ಮೇಲೆ ಕೂತವು. ಮೇಡಂ ಕನ್ನಡಕವನ್ನು ತಲೆಯಿಂದ ಕಣ್ಣಿಗಿಳಿಸಿ ನೋಡುತ್ತಲೇ ಇದ್ದರು. "ಸಂಡೂರು, ಕಂಡೇನು? ಅದು ಬಾಯಿ ಬಿಟ್ಟು ಹೇಳಂಗಿಲ್ಲ, ಆದ್ರ ತೋರಸ್ತೈತಿ. ಮ್ಯಾಲಿಂದ ಮ್ಯಾಲ ತೂಕ ಕೇಳೋದು. ಅದಽ ಅಂಕಿ ಹೇಳ್ಕೋತ ಹೋತು ಅಂದ್ರ ಗಾಡಿ ನಿಂತೈತಿ." ಒಳಗೆ ಹೋಗಿ ಕೂತು ಬರೆದರು. ಎಷ್ಟು ಸಣ್ಣ ಕೋಡು ಅದು! ಬರೆಯುವಾಗ ಹೊರಗಿನವರೆಲ್ಲ ಕಿಟಕಿಗೆ ಮುಖ ಒತ್ತಿ ನೋಡುತ್ತಿದ್ದರು.

ಚಹಾ ಬಂತು. ಲಾರಿ ಹತ್ತಿತು. ಪರದೆ ಹೇಳಿತು: "ಗಾಡಿ ಅಲ್ಲಾಡಾಕತ್ತೈತಿ, ತಡೀರಿ." ಲಾರಿ ಅಲ್ಲಾಡುವುದು ನಿಂತಿತು. ಚೀಟಿ ಬಂತು. ಇಳಿಸಿ ಮತ್ತೆ ಹತ್ತಿಸಿದ, ಅದೇ ತೂಕ. ಹಟಕ್ಕೆ ಬಿದ್ದವನ ಥರ ಮತ್ತೂ ಜೋರಾಗಿ ಹತ್ತಿಸಿ ಗಕ್ಕನೆ ಬ್ರೇಕ್ ಒತ್ತಿದ. ಅದೇ ತೂಕ! ಡ್ರೈವರು ಬಾಗಿಲಿನಿಂದ ಅರ್ಧ ಹೊರಗೆ ಬಂದು ಲಾರಿಯ ತಗಡನ್ನು ಬಡಿಯುತ್ತ, "ಇದು ತೂಕ ಅಂದ್ರ! ಮಸ್ತ್ ಮೇಡಮ್ಮೋರಽ!" ಎಂದು ಕೂಗಿದ. ಕ್ಯಾಬಿನ್ನಿನೊಳಗಿಂದ ಟಣ್ಣೆಂದು ಸದ್ದು ಬಂತು. ಲೋಟ ನೆಟ್ಟಗೆ ಕೂತಿತ್ತು.

"ಹಾಕ್ರಿ ಚಾ," ಎಂದರು ಮೇಡಂ. "ಆ ಇಂಜಿನಿಯರ್ ಸರ್‌ಗೂ ಹಾಕ್ರಿ, ಬೆವತಾರ."

ಮ್ಯಾನೇಜರು ನಮಗೇ ಕೆಲಸ ಕೊಟ್ಟರು. ಹಿಂದಿರುಗುವಾಗ ಮೇಡಂ ಅವರ ತಮ್ಮ, ದಾರಿಯುದ್ದಕ್ಕೂ ಜೀಪಿನ ಹಾರ್ನ್ ಬಾರಿಸಿದರು. ವೀರೇಶ ಹಾಡಿದ, ಅವನ ಹಾಡನ್ನೂ ನಾವು ಸಹಿಸಿಕೊಂಡೆವು. ಹೊಸಪೇಟೆ ಮುಟ್ಟಿದ ಕೂಡಲೇ ಮೇಡಂ ಮೇಲೆ ಹೋಗಿ ಆ ಬೀಗ ಎತ್ತಿಕೊಂಡು ಹಾರ್ಡ್‌ವೇರ್ ಅಂಗಡಿಗೆ ಇಳಿದರು. ಹಿಂದೆ ನಾವೆಲ್ಲ ಮೆರವಣಿಗೆ.

"ಮಾರಿದ ಮಾಲು ವಾಪಸ್ ಇಲ್ರಿ ಮೇಡಂ, ಬೋರ್ಡ್ ನೋಡ್ರಿ," ಎಂದರು ಅಂಗಡಿಯವರು.

"ವಾಪಸ್ ಯಾರ್ ಕೇಳಿದ್ರು? ಬದಲಿ ಕೊಡ್ರಿ. ಬೀಗ ಹಾಕೋ ಕೆಲಸ ರದ್ದಾತು. ಆ ಮ್ಯಾಲಿರೋ ಕೆಟ್ಲಿ ಇಳಸ್ರಿ. ಸಣ್ಣದಲ್ಲ, ದೊಡ್ಡದು!"

ಆ ಕೆಟಲ್ ಇವತ್ತಿಗೂ ಆಫೀಸಿನಲ್ಲಿದೆ. ಆಫೀಸು ಪಕ್ಕದ ಮಹಡಿಗೂ ಹಬ್ಬಿದೆ. ಆ ಇಂಜಿನಿಯರು ಆಮೇಲೆ ಫೋನ್ ಮಾಡಿ 'ಲೋಟ' ಕೇಳಿದರು, ಮೇಡಂ ಕೂಡಲೇ ಕಳಿಸಿಕೊಟ್ಟರು. ಕೇಳಿದವರಿಗೆಲ್ಲ ಕೊಟ್ಟರು. ಈಗೀಗ ನಮ್ಮಲ್ಲಿ ಕೆಲಸಕ್ಕೆ ಸೇರುವವರಿಗೆ ಸ್ಟಬ್ಬೇ ಬೇಕಿಲ್ಲ, ಎಐ ಎಂಬುದು ಖಾಲಿ ಜಾಗವನ್ನೆಲ್ಲ ತಾನೇ ಊಹಿಸಿ ತುಂಬಿಕೊಡುತ್ತದೆ. ಮೇಡಂ ಅದನ್ನು ದೂರ ಇಡಲಿಲ್ಲ, ಮಕ್ಕಳಂತೆ ಕುತೂಹಲದಿಂದ ಆಡಿದರು. ಆದರೆ ಹೊಸಬರು ಖುಷಿಯಿಂದ 'ಎಲ್ಲಾ ತುಂಬೇತಿ ಮೇಡಂ' ಎಂದರೆ, "ತುಂಬಿದ್ದು ಅದು. ರುಚಿ ನೋಡಿದವರು ಯಾರು? ನೋಡೋ ತನಕ ಲೋಟ ಬೋರಲು ಇಡ್ರಿ," ಎನ್ನುತ್ತಿದ್ದರು. ನೋಡಿದರೆ ಕೆಲವು ಸಲ ಚೆನ್ನಾಗಿಯೇ ಇರುತ್ತಿತ್ತು, ಕೆಲವು ಸಲ ಗೋಣಿಚೀಲ ಭತ್ತವಾಗಿರುತ್ತಿತ್ತು.

ಕೆಲವು ತಿಂಗಳ ಹಿಂದೆ ನನ್ನನ್ನು ಒಬ್ಬಳನ್ನೇ ಕೂರಿಸಿಕೊಂಡು ಕೇಳಿದರು. "ಸಂಡೂರು, ನಾ ಇನ್ನ ಕಂಪ್ಲಿಗೆ ಹೋಗಿ ಆರಾಮ ಇರ್ತೀನಿ. ಈ ಕುರ್ಚಿ ನೀ ನೋಡ್ಕೊಳ್ತಿ?"

ಹೌದು ಎನ್ನಲು ಬಾಯಿ ತೆರೆದೆ. ಅವರ ಮುಖ ನೋಡಿ ನಿಲ್ಲಿಸಿದೆ. "ಗೊತ್ತಿಲ್ಲ ಮೇಡಂ. ನನಗ ಇನ್ನೂ ಗೊತ್ತಿಲ್ಲ," ಎಂದೆ.

ಅವರು ಕುರ್ಚಿಯಿಂದ ಎದ್ದು ನನ್ನ ಬೆನ್ನು ಚಪ್ಪರಿಸಿದರು. ಆ ಏಟಿನ ಉರಿ ಸಂಜೆಯವರೆಗೂ ಇತ್ತು. "ಶಭಾಷ್! ಹಿಂಗ ಅನ್ನಬೇಕು ನೋಡು. ಗೊತ್ತಾದಾಗ ಹೇಳು," ಎಂದರು. ಮತ್ತೆ ಒಂದು ದಿನವೂ ಕೇಳಲಿಲ್ಲ.

ಹಾಗಾಗಿ ಬೀಳ್ಕೊಡುಗೆಯ ದಿನ ಅವರು ಬೆಳಿಗ್ಗೆಯೇ ತಮ್ಮ ಲೋಟವನ್ನು ಮೇಜಿನ ಮೇಲೆ ಬೋರಲು ಇಟ್ಟಿದ್ದು ಬೇರೆಯವರಿಗೆ ತಮಾಷೆಯಾಗಿ ಕಂಡಿತು, ನನಗೆ ಕಾಣಲಿಲ್ಲ. ಶಾಲು ಹೊದಿಸಿ ಆಯಿತು. ಮಿರ್ಚಿ, ಮಂಡಕ್ಕಿ ಮುಗಿಯಿತು. ವೀರೇಶ ಆ ದೊಡ್ಡ ಕೆಟಲ್ ಹಿಡಿದು ಎಲ್ಲರಿಗೂ ಚಹಾ ಹಾಕುತ್ತ ಬಂದು ಮೇಡಂ ಎದುರು ನಿಂತ. "ನಿಮ್ಮದ್ಯಾಕ ಬೋರಲು ಐತ್ರಿ ಇವತ್ತೂ? ಕೋಡ್ ಬರೆಯೋದು ಬಿಟ್ಟು ಆತಲ್ಲ?"

"ಒಂದು ಬಾಕಿ ಐತಿ," ಎಂದರು. ನನ್ನತ್ತ ನೋಡಲಿಲ್ಲ. ಕಿಟಕಿಯಾಚೆ ಸ್ಟೇಷನ್ನಿನ ಕಡೆ ನೋಡುತ್ತಿದ್ದರು.

ನನ್ನ ಉತ್ತರ ನನಗೆ ಗೊತ್ತಾಗಿ ಕೆಲವು ದಿನವಾಗಿತ್ತು. ಹೇಳುವ ಮಾತು ಮಾತ್ರ ಸಿಕ್ಕಿರಲಿಲ್ಲ. ಎದ್ದು ಹೋಗಿ ಆ ಲೋಟವನ್ನು ಎತ್ತಿದೆ. ಮೇಜಿಗೆ ಟಣ್ಣೆಂದು ಕುಕ್ಕಿದೆ. ಇಡೀ ಮಹಡಿ ತಿರುಗಿ ನೋಡಿತು. ವೀರೇಶನ ಕೈಯಿಂದ ಕೆಟಲ್ ಕಿತ್ತುಕೊಂಡು ಕಂಠಮಟ್ಟ ಚಹಾ ಸುರಿದೆ. ಸ್ವಲ್ಪ ಮೇಜಿನ ಮೇಲೂ ಚೆಲ್ಲಿತು.

ಮೇಡಂ ಕನ್ನಡಕ ತಲೆಗೇರಿಸಿದರು. ಕಣ್ಣು ಒದ್ದೆಯಾಗಿತ್ತು, ಬಾಯಿ ಕಿವಿಯವರೆಗೆ ಹಿಗ್ಗಿತ್ತು. ಲೋಟ ಎತ್ತಿ ಒಂದು ಗುಟುಕು ಕುಡಿದು, ನನ್ನನ್ನು ನೋಡಿ ಎಲ್ಲರಿಗೂ ಕೇಳುವಂತೆ ಹೇಳಿದರು.

"ಸಕ್ರಿ ಕಡಿಮಿ ಆಗೇತಿ, ಸಂಡೂರು. ಇನ್ನ ಮ್ಯಾಲ ಇದೂ ನಿಂದಽ ಜವಾಬ್ದಾರಿ."